ಮೊದಲ ಫಿಶ್ ಟ್ಯಾಂಕಿಗೆ ಯಾವ ಮೀನಿನ ಜೊತೆ ಯಾವ ಮೀನು? ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಮಾಡಬೇಕಾದ ಕೆಲಸ

ನನ್ನ ಹತ್ತಿರ ಬಂದು ಕೇಳುವವರ ಕತೆ ಹೆಚ್ಚುಕಡಿಮೆ ಒಂದೇ. ಭಾನುವಾರ ಎರಡಡಿ ಟ್ಯಾಂಕ್ ತಂದರು. ಅದೇ ದಿನ ಏಂಜೆಲ್ ಎರಡು, ನಿಯಾನ್ ಟೆಟ್ರಾ ಹತ್ತು, ಗೋಲ್ಡ್‌ಫಿಶ್ ಎರಡು, ಗಾಜು ಕ್ಲೀನ್ ಮಾಡುತ್ತೆ ಅಂತ ಸಕ್ಕರ್ ಒಂದು. ಬುಧವಾರ ನೀರು ಹಾಲಿನ ಹಾಗೆ ಮಬ್ಬಾಯಿತು. ಮುಂದಿನ ಭಾನುವಾರಕ್ಕೆ ಅರ್ಧ ಮೀನು ಇಲ್ಲ. ಮತ್ತೆ ಅಂಗಡಿಗೆ ಹೋಗಿ ಅವೇ ಮೀನು ತಂದರು, ಮತ್ತೆ ಸತ್ತವು. ಎರಡನೇ ತಿಂಗಳಿಗೆ ಟ್ಯಾಂಕ್ ಅಟ್ಟ ಸೇರಿತು.

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ನನ್ನ ಮೊದಲ ಟ್ಯಾಂಕಿಗೆ ಆದದ್ದೂ ಇದೇ. ಆಮೇಲೆ ಗೊತ್ತಾಯಿತು, ತಪ್ಪು ಮೀನಿನದ್ದಲ್ಲ, ಹೆಜ್ಜೆಗಳ ಕ್ರಮದ್ದು. ನಾವು ಮೊದಲು ಮೀನು ಆರಿಸುತ್ತೇವೆ, ಆಮೇಲೆ ನೀರು ಹೇಗಿದೆ ಅಂತ ಯೋಚಿಸುತ್ತೇವೆ. ಮಾಡಬೇಕಾದ್ದು ಇದಕ್ಕೆ ಪೂರ್ತಿ ಉಲ್ಟಾ. ಜಾಗ, ನೀರು, ಚಳಿ, ಈ ಮೂರನ್ನು ಅಳೆದು ಬರೆದಿಟ್ಟರೆ ಯಾವ ಮೀನು ಬದುಕುತ್ತೆ ಅನ್ನೋದು ಮುಕ್ಕಾಲು ಭಾಗ ಅಲ್ಲೇ ತೀರ್ಮಾನವಾಗುತ್ತದೆ. ಉಳಿದ ಕಾಲು ಭಾಗ ಮಾತ್ರ ನಿಮ್ಮ ಇಷ್ಟ.

## ಮೊದಲು ಕೂಡಿಸಿಟ್ಟುಕೊಳ್ಳಬೇಕಾದ್ದು

ಅಳತೆ ಟೇಪು, ನೀರಿನೊಳಗೆ ಇಡುವ ಥರ್ಮಾಮೀಟರ್, ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್, ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್. ಕಿಟ್ಟಿನಲ್ಲಿ ಪಿಎಚ್ (ನೀರು ಆಮ್ಲವೋ ಕ್ಷಾರವೋ ಹೇಳುವ ಅಳತೆ), ಅಮೋನಿಯಾ, ನೈಟ್ರೈಟ್ ಮೂರೂ ಇರಬೇಕು. ಜೊತೆಗೆ ಸ್ಪಂಜ್ ಫಿಲ್ಟರ್, ಏರ್ ಪಂಪ್, ಆಂಟಿ ಕ್ಲೋರಿನ್ ಬಾಟಲಿ, ಮೇಲೆ ಒಂದು ಮುಚ್ಚಳ, ಒಂದು ನೋಟ್ ಬುಕ್.

ಇನ್ನೊಂದು, ಹೊಸ ಬಕೆಟ್. ಇದನ್ನು ಒತ್ತಿ ಹೇಳುತ್ತೇನೆ. ತೋಟ ಇರುವ ಮನೆಗಳಲ್ಲಿ ಮಳೆಗಾಲದ ಮುಂಚೆ ಬೆಳೆಗೆ ಸಿಂಪಡಿಸೋಕೆ ಬೋರ್ಡೋ ದ್ರಾವಣ ಕದಡುತ್ತಾರೆ, ಅಲ್ವಾ? ಅದರಲ್ಲಿರುವ ಮೈಲುತುತ್ತ ಅಂದರೆ ತಾಮ್ರ. ಆ ಬಕೆಟ್ಟು, ಆ ಡ್ರಮ್ಮು, ಆ ಮಗ್ಗು, ಎಷ್ಟು ತೊಳೆದರೂ ಮೀನಿನ ನೀರಿಗೆ ಬೇಡ. ಮೀನಿಗೆ ತಾಮ್ರ ಸ್ವಲ್ಪವೇ ಆದರೂ ವಿಷ, ಅದರಲ್ಲೂ ನಮ್ಮ ಮಲೆನಾಡಿನ ಮೆದು ನೀರಿನಲ್ಲಿ ಅದರ ಪೆಟ್ಟು ಇನ್ನೂ ಜಾಸ್ತಿ. ಬಚ್ಚಲಿನ ತಾಮ್ರದ ಹಂಡೆಯ ಬಿಸಿನೀರಿಗೂ ಇದೇ ಮಾತು. ಚಳಿಗಾಲದಲ್ಲಿ ಟ್ಯಾಂಕಿಗೆ ಬೆಚ್ಚಗಿನ ನೀರು ಬೇಕಾದರೆ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ ಬೆರೆಸಿ.

## 1. ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ನೀರು ಹಿಡಿಯುತ್ತೆ, ಲೆಕ್ಕ ಹಾಕಿ

ಉದ್ದ, ಅಗಲ, ಎತ್ತರ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ. ಅಷ್ಟು ಲೀಟರ್. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂದರೆ 56 ಲೀಟರ್. ಆದರೆ ಕೆಳಗೆ ಮರಳು, ಮೇಲೆ ಎರಡು ಬೆರಳು ಖಾಲಿ ಜಾಗ, ನಡುವೆ ಕಲ್ಲು, ಕಟ್ಟಿಗೆ. ಎಲ್ಲ ಕಳೆದರೆ ನೀರು 45 ಲೀಟರ್ ಸುಮಾರು. ನೋಟ್ ಬುಕ್ಕಿನಲ್ಲಿ ಬರೆಯಬೇಕಾದ್ದು ಈ 45.

ಎತ್ತರಕ್ಕಿಂತ ಉದ್ದ ಮುಖ್ಯ. ಮೀನು ಅಡ್ಡಡ್ಡ ಈಜುತ್ತದೆ. ಗುಂಡಗಿನ ಗಾಜಿನ ಬಟ್ಟಲು ಯಾವ ಮೀನಿಗೂ ಬೇಡ. ಈಗಿನ್ನೂ ಟ್ಯಾಂಕ್ ತಂದಿಲ್ಲ ಅಂದರೆ ಎರಡಡಿಗಿಂತ ಚಿಕ್ಕದು ತರಬೇಡಿ. ಚಿಕ್ಕ ಟ್ಯಾಂಕಿನಲ್ಲಿ ನೀರು ಬೇಗ ಕೆಡುತ್ತದೆ, ಬೇಗ ತಣ್ಣಗಾಗುತ್ತದೆ, ಹೊಸಬರಿಗೆ ಅದೇ ಕಷ್ಟ.

## 2. ನಿಮ್ಮ ಮನೆಯ ನೀರು ಮೆದುವೋ ಗಡಸೋ ತಿಳಿದುಕೊಳ್ಳಿ

ಒಂದೇ ಜಿಲ್ಲೆಯೊಳಗೆ ನೀರು ಎಷ್ಟು ಬದಲಾಗುತ್ತೆ ಅನ್ನೋದು ನಮ್ಮ ಕಡೆ ಟ್ಯಾಂಕ್ ಇಡುವವರಿಗೆ ಗೊತ್ತಿರಲೇಬೇಕು. ಮೂಡಿಗೆರೆ, ಸಕಲೇಶಪುರದ ತೋಟದ ಬಾವಿ ನೀರು ಸಾಮಾನ್ಯವಾಗಿ ಮೆದು. ಕಡೂರು, ಅರಸೀಕೆರೆ ಕಡೆಯ ಬೋರ್ ನೀರು ಗಡಸು. ಹಾಸನ ಪೇಟೆಗೆ ಹೇಮಾವತಿ ನೀರು, ಚಿಕ್ಕಮಗಳೂರಿಗೆ ಯಗಚಿ ನೀರು ಬರುತ್ತದೆ ನಿಜ. ಆದರೆ ಬೇಸಿಗೆಯಲ್ಲಿ ಸಂಪಿಗೆ ಬೋರ್ ನೀರು ಬೆರೆಸಿದರೆ ಹೊಳೆ ನೀರು ಅನ್ನೋ ಲೆಕ್ಕ ತಪ್ಪುತ್ತದೆ. ಹಾಗಾಗಿ ಪಕ್ಕದ ಮನೆಯವರನ್ನು ಕೇಳಿ ನಂಬಬೇಡಿ, ನಿಮ್ಮ ನಲ್ಲಿಯ ನೀರನ್ನೇ ಅಳೆಯಿರಿ.

ಅಡುಗೆಮನೆಯಲ್ಲೇ ಮೊದಲ ಸುಳಿವು ಸಿಗುತ್ತೆ. ತೊಗರಿ ಬೇಳೆ ಬೇಯೋಕೆ ಸತಾಯಿಸುತ್ತಾ? ಸೋಪು ನೊರೆ ಕಟ್ಟೋದಿಲ್ವಾ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿದೆಯಾ? ಹಾಗಿದ್ದರೆ ಗಡಸು ನೀರು.

ಇನ್ನು ಅಳತೆ. ಒಂದು ಬಕೆಟ್ ನೀರು ಹಿಡಿದು, ಏರ್ ಪಂಪಿನ ಕೊಳವೆ ಬಿಟ್ಟು, ಒಂದು ದಿನ ಹಾಗೇ ಬಿಡಿ. ನಲ್ಲಿ ನೀರಿನ ಕ್ಲೋರಿನ್ ಹಾರಿಹೋಗುತ್ತದೆ. ಬೋರ್ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಕೂಡ ಹೊರಗೆ ಹೋಗುತ್ತದೆ. ನೆಲದಿಂದ ಎತ್ತಿದ ತಕ್ಷಣ ಅಳೆದರೆ ಪಿಎಚ್ ಕಡಿಮೆ ತೋರಿಸಿ ಮೋಸ ಮಾಡುವುದು ಇದೇ ಕಾರಣಕ್ಕೆ. ಮರುದಿನ ಪಿಎಚ್ ಮತ್ತು ಟಿಡಿಎಸ್ ನೋಡಿ ಬರೆದುಕೊಳ್ಳಿ.

ಟಿಡಿಎಸ್ 100ರ ಒಳಗೆ, ಪಿಎಚ್ 7ರ ಆಸುಪಾಸು ಅಥವಾ ಕೆಳಗೆ ಇದ್ದರೆ ಮೆದು ನೀರು ಅಂತ ಇಟ್ಟುಕೊಳ್ಳಿ. 400ರ ಮೇಲೆ, ಪಿಎಚ್ 7.5 ದಾಟಿದ್ದರೆ ಗಡಸು. ನಡುವೆ ಇದ್ದರೆ ನಿಮಗೆ ಆಯ್ಕೆ ಜಾಸ್ತಿ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲದರ ಮೊತ್ತ, ಬರೀ ಗಡಸುತನವಲ್ಲ. ಅನುಮಾನ ಬಂದರೆ ಗಡಸುತನ ನೋಡುವ ಹನಿ ಕಿಟ್ ಬೇರೆ ಸಿಗುತ್ತದೆ, ಅದನ್ನು ತನ್ನಿ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಕುಡಿಯುವ ಆರ್‌ಒ ನೀರನ್ನೇ ತುಂಬಿಸೋದು. ಅದರಲ್ಲಿ ಮೀನಿಗೆ ಬೇಕಾದ ಲವಣ ತೀರಾ ಕಡಿಮೆ. ಎರಡು, ಪಿಎಚ್ ಏರಿಸುವ ಇಳಿಸುವ ಬಾಟಲಿ ತಂದು ದಿನಾ ಹನಿ ಹಾಕೋದು. ಇವತ್ತು 6.5, ನಾಳೆ 7.5 ಆದರೆ ಮೀನು ತಡೆಯುವುದಿಲ್ಲ. ಅದರ ಬದಲು ಇರುವ ನೀರಿಗೆ ಒಗ್ಗುವ ಮೀನು ತರುವುದು ಎಷ್ಟೋ ಸುಲಭ.

## 3. ಬೆಳಗಿನ ಚಳಿ ಅಳೆಯಿರಿ

ಮೀನಿನ ಬಗ್ಗೆ ಬರೆದಿರುವ ಸಲಹೆಗಳಲ್ಲಿ ಬಹಳಷ್ಟು ಮದ್ರಾಸ್, ಮುಂಬೈ ಸೆಕೆಗೆ ಬರೆದವು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಹಾಸನ ಸುಮಾರು 970 ಮೀಟರ್. ಇಲ್ಲಿ ಹೀಟರ್ ಬೇಡ ಅನ್ನೋ ಮಾತು ಎಲ್ಲ ಮೀನಿಗೂ ಹೊಂದುವುದಿಲ್ಲ.

ಖಾಲಿ ಟ್ಯಾಂಕಿಗೆ ನೀರು ತುಂಬಿ, ಅದು ಇರಬೇಕಾದ ಜಾಗದಲ್ಲೇ ಇಟ್ಟು, ಒಂದು ವಾರ ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಥರ್ಮಾಮೀಟರ್ ನೋಡಿ. ನಾನು ಮೊದಲ ಸಲ ಹೀಗೆ ನೋಡಿದ್ದು ಡಿಸೆಂಬರಿನಲ್ಲಿ. ಹಾಲಿನಲ್ಲಿ, ಕಿಟಕಿ ಪಕ್ಕ. ಬೆಳಿಗ್ಗೆ ಆರಕ್ಕೆ ಗಾಜಿನ ಮೇಲೆ ಕೈ ಇಟ್ಟರೆ ತಣ್ಣಗೆ ಕೊರೆಯುತ್ತಿತ್ತು. ಕೆಂಪು ಗೆರೆ 18ರಲ್ಲಿ ನಿಂತಿತ್ತು. ಮಧ್ಯಾಹ್ನ ಅದೇ ಗೆರೆ 23ಕ್ಕೆ ಏರಿತ್ತು. ಒಂದೇ ದಿನದಲ್ಲಿ ಐದು ಡಿಗ್ರಿ. ನನ್ನ ಹಿಂದಿನ ವರ್ಷದ ಮೀನುಗಳಿಗೆ ಬಿಳಿ ಚುಕ್ಕಿ ರೋಗ ಯಾಕೆ ಬಿಡದೆ ಕಾಡಿತು ಅನ್ನೋದು ಆವತ್ತು ಅರ್ಥವಾಯಿತು. ಟ್ಯಾಂಕನ್ನು ಒಳಗೋಡೆಯ ಪಕ್ಕಕ್ಕೆ ಸರಿಸಿದ ಮೇಲೆ ಏರಿಳಿತ ಎರಡು ಡಿಗ್ರಿಗೆ ಬಂತು.

ನೀವು ಬೇಸಿಗೆಯಲ್ಲಿ ಶುರು ಮಾಡುತ್ತಿದ್ದರೂ ಡಿಸೆಂಬರ್, ಜನವರಿಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹೀಟರ್ ಹಾಕುತ್ತೀರಾ, ಇಲ್ವಾ, ಈಗಲೇ ತೀರ್ಮಾನ ಮಾಡಿ. ಹಾಕುವುದಾದರೆ ಲೀಟರಿಗೆ ಒಂದು ವ್ಯಾಟ್ ಅಂತ ಲೆಕ್ಕ. 45 ಲೀಟರಿಗೆ 50 ವ್ಯಾಟ್ ಸಾಕು, ತಾನೇ ಆನ್ ಆಫ್ ಆಗುವಂಥದ್ದೇ ಬೇಕು. ನೀರಿನಿಂದ ಹೊರಗೆ ತೆಗೆಯುವ ಮುಂಚೆ ಸ್ವಿಚ್ ಆಫ್ ಮಾಡಿ ಕಾಲು ಗಂಟೆ ಬಿಡಿ, ಇಲ್ಲದಿದ್ದರೆ ಗಾಜು ಒಡೆಯುತ್ತದೆ. ನೀರಿಗೆ ಕೈ ಹಾಕುವಾಗಲೆಲ್ಲ ಪ್ಲಗ್ ತೆಗೆದಿರಬೇಕು.

## 4. ಮೀನಿಲ್ಲದ ಟ್ಯಾಂಕನ್ನು ನಾಲ್ಕರಿಂದ ಆರು ವಾರ ಓಡಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಹೊಂದುವ ಮೀನನ್ನೇ ತಂದರೂ ಹೊಸ ಟ್ಯಾಂಕಿನಲ್ಲಿ ಸಾಯುವುದು ಇದನ್ನು ಬಿಟ್ಟಿದ್ದಕ್ಕೆ.

ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಇದನ್ನು ಮೀನು ಸ್ವಲ್ಪ ತಡೆಯುತ್ತದೆ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ಬೆಳೆಯಬೇಕು. ಬೆಳೆಯೋಕೆ ಟೈಮ್ ಬೇಕು.

ಮಾಡುವುದು ಹೀಗೆ. ಕ್ಲೋರಿನ್ ತೆಗೆದ ನೀರು ತುಂಬಿ, ಫಿಲ್ಟರ್ ಹಗಲೂ ರಾತ್ರಿ ಓಡಲಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆಯಲಿ. ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಮಾಡಿ. ಮೊದಲು ಅಮೋನಿಯಾ ಏರುತ್ತದೆ, ಆಮೇಲೆ ಅದು ಇಳಿದು ನೈಟ್ರೈಟ್ ಏರುತ್ತದೆ, ಕೊನೆಗೆ ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆಗೆ ಬರುತ್ತವೆ. ಒಂದು ವಾರ ಬಿಡದೆ ಸೊನ್ನೆ ತೋರಿಸಿದರೆ ಟ್ಯಾಂಕ್ ರೆಡಿ. ಗೊತ್ತಿರುವವರ ಹಳೆಯ, ರೋಗವಿಲ್ಲದ ಟ್ಯಾಂಕಿನಿಂದ ಕೊಳಕು ಸ್ಪಂಜಿನ ಒಂದು ತುಂಡು ಸಿಕ್ಕಿದರೆ ಅರ್ಧ ಟೈಮ್ ಉಳಿಯುತ್ತದೆ. ಅದನ್ನು ಒಣಗಲು ಬಿಡದೆ, ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ತನ್ನಿ.

ಚಳಿಯಲ್ಲಿ ಈ ಕೆಲಸ ನಿಧಾನ. ತೀರಾ ಮೆದು ನೀರಿನಲ್ಲೂ ನಿಧಾನ, ಯಾಕೆಂದರೆ ಪಿಎಚ್ 6ಕ್ಕಿಂತ ಕೆಳಗೆ ಬಿದ್ದರೆ ಈ ಬ್ಯಾಕ್ಟೀರಿಯಾಗಳ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬಾವಿ ನೀರಿನವರು ಪಿಎಚ್ ಇಳಿಯುತ್ತಿದೆ ಅನ್ನಿಸಿದರೆ ಒಂದು ಹಿಡಿ ಸಮುದ್ರದ ಕಪ್ಪೆಚಿಪ್ಪಿನ ಚೂರನ್ನು ತೊಳೆದು, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಡಿ. ನಿಧಾನವಾಗಿ ಕರಗಿ ಪಿಎಚ್ ಹಿಡಿದು ನಿಲ್ಲಿಸುತ್ತದೆ.

## 5. ಈಗ ಒಂದೇ ಒಂದು ಮುಖ್ಯ ಮೀನು ಆರಿಸಿ

ನಾಲ್ಕು ಬಗೆ ಇಷ್ಟ ಅಂತ ನಾಲ್ಕನ್ನೂ ಬರೆಯಬೇಡಿ. ಒಂದನ್ನು ಆರಿಸಿ, ಉಳಿದವು ಅದಕ್ಕೆ ಹೊಂದಬೇಕು. ಕೆಳಗಿನವೆಲ್ಲ 45 ಲೀಟರ್ ನೀರಿನ ಎರಡಡಿ ಟ್ಯಾಂಕಿಗೆ.

ಹೀಟರ್ ಇಲ್ಲ. ಝೀಬ್ರಾ ಡ್ಯಾನಿಯೋ ಎಂಟರಿಂದ ಹತ್ತು. ಇದು ನಮ್ಮ ದೇಶದ್ದೇ ಮೀನು, 18 ಡಿಗ್ರಿಯನ್ನು ಆರಾಮಾಗಿ ತಡೆಯುತ್ತದೆ, ನೀರಿನ ವಿಷಯದಲ್ಲೂ ಹಟವಿಲ್ಲ. ಸುಮ್ನೆ ನಿಲ್ಲುವುದಿಲ್ಲ, ಇಡೀ ದಿನ ಮೇಲ್ಭಾಗದಲ್ಲಿ ಓಡುತ್ತಿರುತ್ತದೆ. ಇದರ ಜೊತೆ ತಳಕ್ಕೆ ಪೆಪ್ಪರ್ಡ್ ಕೋರಿ (ತಳದಲ್ಲೇ ಓಡಾಡುವ ಚಿಕ್ಕ ಮೀಸೆ ಮೀನು) ಐದು. ಮೊದಲ ಟ್ಯಾಂಕಿಗೆ ಯಾವುದು ಅಂತ ಒಂದೇ ಮಾತಿನಲ್ಲಿ ಕೇಳಿದರೆ ನಾನು ಹೇಳುವುದು ಇದನ್ನೇ. ಬಣ್ಣ ಕಡಿಮೆ ಅಂತ ಅಂಗಡಿಯಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮನೆಗೆ ಬಂದು, ಗಿಡ ಹಾಕಿದ ಟ್ಯಾಂಕಿನಲ್ಲಿ ಹತ್ತು ಒಟ್ಟಿಗೆ ತಿರುಗುವುದನ್ನು ನೋಡಿದವರು ಬೇರೆ ಮೀನು ಕೇಳುವುದಿಲ್ಲ.

ಗಡಸು ನೀರು, ಹೀಟರ್ ಇದೆ. ಗಪ್ಪಿ ಅಥವಾ ಪ್ಲಾಟಿ. ಕಡೂರು, ಅರಸೀಕೆರೆ ಕಡೆಯವರಿಗೆ ಇದೇ ಸರಿ. 24ರಿಂದ 26 ಡಿಗ್ರಿ ಇಡಿ. ಗಪ್ಪಿಯಲ್ಲಿ ಬರೀ ಗಂಡು ಎಂಟು ತಂದರೆ ಸಾಕು. ಹೆಣ್ಣೂ ಬೇಕು ಅಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ, ಇಲ್ಲದಿದ್ದರೆ ಗಂಡು ಹೆಣ್ಣನ್ನು ಅಟ್ಟಿಸಿ ಅಟ್ಟಿಸಿ ಸುಸ್ತು ಮಾಡುತ್ತದೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ, ಆ ಮರಿಗಳನ್ನು ಎಲ್ಲಿಡುತ್ತೀರಿ ಅನ್ನೋದನ್ನು ಮೊದಲೇ ಯೋಚಿಸಿ. ಮೊಲ್ಲಿಗೂ ಗಡಸು ನೀರು ಇಷ್ಟ, ಆದರೆ ಮೈ ದೊಡ್ಡದಾಗುತ್ತದೆ, ಮೂರಡಿ ಟ್ಯಾಂಕ್ ಬೇಕು. ಮೆದು ನೀರಿನಲ್ಲಿ ಮೊಲ್ಲಿ ಇಟ್ಟರೆ ಒಂದೇ ಕಡೆ ನಿಂತು ಮೈ ಅಲ್ಲಾಡಿಸುತ್ತಾ ಸೊರಗುತ್ತದೆ.

ಮೆದು ನೀರು, ಹೀಟರ್ ಇದೆ. ಹನಿ ಗೌರಾಮಿ ಒಂದು, ನಿಯಾನ್ ಟೆಟ್ರಾ ಎಂಟು, ಚಿಕ್ಕ ಜಾತಿಯ ಕೋರಿ ಐದು. 24 ಡಿಗ್ರಿ. ನಿಯಾನ್ ಹೊಸ ಟ್ಯಾಂಕಿನಲ್ಲಿ ಉಳಿಯುವುದು ಕಷ್ಟ, ಎರಡು ತಿಂಗಳು ಹಳೆಯದಾದ ಮೇಲೆ ತನ್ನಿ.

ಫೈಟರ್ ಇಷ್ಟ ಅನ್ನುವವರು ಒಂದು ಗಂಡನ್ನು ತಂದು, ಹೀಟರ್ ಹಾಕಿ, 26 ಡಿಗ್ರಿಯಲ್ಲಿ ಒಂಟಿಯಾಗಿ ಇಡಿ. ಗಪ್ಪಿಯ ಬಣ್ಣದ ಬಾಲ ಕಂಡರೆ ಅದಕ್ಕೆ ಇನ್ನೊಂದು ಫೈಟರ್ ಕಂಡ ಹಾಗಾಗಿ ಮೈಮೇಲೆ ಬೀಳುತ್ತದೆ.

## 6. ಜೊತೆಗಾರರನ್ನು ಐದು ಪ್ರಶ್ನೆ ಕೇಳಿ ಆರಿಸಿ

ಶಾಂತ ಸ್ವಭಾವದ ಮೀನು ಅಂತ ಹೇಳಿದ ತಕ್ಷಣ ಒಪ್ಪಬೇಡಿ. ಯಾರ ಜೊತೆ ಶಾಂತ, ಎಷ್ಟು ದೊಡ್ಡದಾಗುವ ತನಕ ಶಾಂತ, ಅದು ಮುಖ್ಯ.

ಬಾಯಿ ಎಷ್ಟು ದೊಡ್ಡದಾಗುತ್ತೆ? ಪೂರ್ತಿ ಬೆಳೆದ ಮೇಲೆ ಒಂದರ ಬಾಯಿಗೆ ಇನ್ನೊಂದು ಹಿಡಿಯುವಂತಿದ್ದರೆ ಅವೆರಡು ಜೊತೆ ಬೇಡ. ನನ್ನ ಒಂದು ಏಂಜೆಲ್ ಬರುವಾಗ ಐದು ರೂಪಾಯಿ ನಾಣ್ಯದಷ್ಟಿತ್ತು. ಐದು ತಿಂಗಳು ನಿಯಾನ್‌ಗಳ ನಡುವೆಯೇ ಓಡಾಡಿಕೊಂಡಿತ್ತು. ಒಂದು ದಿನ ಬೆಳಿಗ್ಗೆ ಲೈಟ್ ಹಾಕಿದರೆ ನಿಯಾನ್ ಒಂಬತ್ತರಲ್ಲಿ ಆರು ಮಾತ್ರ. ಏಂಜೆಲ್‌ನ ಬಾಯಿಯ ಅಂಚಿನಲ್ಲಿ ಒಂದು ನೀಲಿ ಬಾಲದ ತುದಿ ಇನ್ನೂ ಕಾಣುತ್ತಿತ್ತು. ಅದು ಕೆಟ್ಟ ಮೀನಲ್ಲ. ಏಂಜೆಲ್ ಬೆಳೆದರೆ 15 ಸೆಂಟಿಮೀಟರ್ ಉದ್ದ, ಅದಕ್ಕಿಂತ ಎತ್ತರ. ನಿಯಾನ್ ಮೂರೂವರೆ ಸೆಂಟಿಮೀಟರ್. ಇಷ್ಟು ನಾನು ಮೊದಲೇ ನೋಡಿಕೊಂಡಿದ್ದರೆ ಸಾಕಿತ್ತು.

ಬಾಲ ಕಚ್ಚುತ್ತಾ? ಟೈಗರ್ ಬಾರ್ಬ್, ವಿಡೋ ಟೆಟ್ರಾ ಉದ್ದ ರೆಕ್ಕೆಯ ಮೀನುಗಳ ಅಂಚು ಕಚ್ಚುತ್ತವೆ. ಗಪ್ಪಿ, ಏಂಜೆಲ್, ಗೌರಾಮಿಯ ಜೊತೆ ಇವು ಬೇಡವೇ ಬೇಡ. ಎರಡು ಮೂರು ಮಾತ್ರ ಇದ್ದರೆ ಕಚ್ಚುವುದು ಇನ್ನೂ ಜಾಸ್ತಿ.

ಒಂದೇ ಚಳಿ, ಒಂದೇ ನೀರು ಒಗ್ಗುತ್ತಾ? ಗೋಲ್ಡ್‌ಫಿಶ್‌ಗೆ ತಂಪು ಬೇಕು, ಏಂಜೆಲ್‌ಗೆ ಸೆಕೆ ಬೇಕು. ನಡುವಿನ ಉಷ್ಣತೆ ಇಟ್ಟರೆ ಇಬ್ಬರಿಗೂ ಸುಖವಿಲ್ಲ. ಗೋಲ್ಡ್‌ಫಿಶ್ ಜೊತೆ ಗೋಲ್ಡ್‌ಫಿಶ್ ಮಾತ್ರ, ಅದೂ ದೊಡ್ಡ ಟ್ಯಾಂಕಿನಲ್ಲಿ.

ಟ್ಯಾಂಕಿನ ಯಾವ ಭಾಗದಲ್ಲಿ ಇರುತ್ತೆ? ಡ್ಯಾನಿಯೋ ಮೇಲೆ, ಟೆಟ್ರಾ ನಡುವೆ, ಕೋರಿ ತಳದಲ್ಲಿ. ಮೂರೂ ಮೇಲ್ಭಾಗದ ಮೀನೇ ಆದರೆ ಕೆಳಗೆ ಖಾಲಿ, ಮೇಲೆ ಜಗಳ. ತಳದ ಮೀನು ಇಟ್ಟರೆ ನುಣುಪಾದ ಮರಳು ಹಾಕಿ. ಚೂಪು ಜಲ್ಲಿಯಲ್ಲಿ ಕೋರಿಯ ಮೀಸೆ ಸವೆದು ಹುಣ್ಣಾಗುತ್ತದೆ.

ಗುಂಪಿನ ಮೀನೋ, ಒಂಟಿ ಮೀನೋ? ಟೆಟ್ರಾ, ಡ್ಯಾನಿಯೋ, ಬಾರ್ಬ್, ಕೋರಿ ಎಲ್ಲ ಗುಂಪಿನ ಮೀನುಗಳು. ಎರಡೆರಡು ತಂದರೆ ಮೂಲೆಯಲ್ಲಿ ಅಡಗುತ್ತವೆ, ಇಲ್ಲವೇ ಒಂದನ್ನೊಂದು ಅಟ್ಟುತ್ತವೆ. ಐದು ಜಾತಿಯಲ್ಲಿ ಎರಡೆರಡು ಅನ್ನೋ ಲೆಕ್ಕ ಬಿಟ್ಟು, ಎರಡು ಜಾತಿಯಲ್ಲಿ ಐದು, ಎಂಟು ಅನ್ನೋ ಲೆಕ್ಕಕ್ಕೆ ಬನ್ನಿ.

ಮೀನಿನ ಉದ್ದದ ಒಂದು ಇಂಚಿಗೆ ಇಷ್ಟು ಲೀಟರ್ ನೀರು ಅನ್ನೋ ಸೂತ್ರವನ್ನು ಚಿಕ್ಕ, ತೆಳ್ಳಗಿನ ಮೀನಿಗೆ ಬಿಟ್ಟು ಬೇರೆಯದಕ್ಕೆ ಹಾಕಬೇಡಿ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಹಿಕ್ಕೆಯೂ ಅದರ ಜೊತೆ ಏರುತ್ತದೆ.

## 7. ಈ ಹೆಸರು ಕೇಳಿದರೆ ಬೇಡ ಅನ್ನಿ

ಅಂಗಡಿಯಲ್ಲಿ ಇವು ಬೆರಳಿನಷ್ಟಿರುತ್ತವೆ, ಅಗ್ಗ, ಮುದ್ದಾಗಿ ಕಾಣುತ್ತವೆ.

ಸಕ್ಕರ್ 40 ಸೆಂಟಿಮೀಟರಿನ ತನಕ ಬೆಳೆಯುತ್ತದೆ. ಗಾಜು ಕ್ಲೀನ್ ಮಾಡುವುದಕ್ಕಿಂತ ಹಿಕ್ಕೆ ಹಾಕುವುದೇ ಜಾಸ್ತಿ, ರಾತ್ರಿ ಹೊತ್ತು ಗೋಲ್ಡ್‌ಫಿಶ್‌ನಂಥ ನಿಧಾನದ ಮೀನಿನ ಮೈಯ ಲೋಳೆ ಹೆರೆಯುವುದೂ ಉಂಟು. ಗಾಜನ್ನು ಸ್ಪಂಜಿನಲ್ಲಿ ನೀವೇ ಒರೆಸಿ, ಐದು ನಿಮಿಷದ ಕೆಲಸ. ಅಕ್ವೇರಿಯಂ ಅಂಗಡಿಯ ಟೈಗರ್ ಶಾರ್ಕ್ ಅಂದರೆ ಊಟಕ್ಕೆ ಸಾಕುವ ಪಂಗಾಸಿಯಸ್ ಮೀನು, ಒಂದು ಮೀಟರ್ ದಾಟಬಲ್ಲದು. ಆಸ್ಕರ್ ಒಂದಡಿ ಆಗುತ್ತದೆ. ಫ್ಲವರ್‌ಹಾರ್ನ್ ಜೊತೆ ಯಾರೂ ಉಳಿಯುವುದಿಲ್ಲ. ಪಾಚಿ ತಿನ್ನುತ್ತೆ ಅಂತ ಕೊಡುವ ಚೈನೀಸ್ ಆಲ್ಗೀ ಈಟರ್ ಚಿಕ್ಕದಿದ್ದಾಗ ಪಾಚಿ ತಿನ್ನುತ್ತದೆ, ದೊಡ್ಡದಾದ ಮೇಲೆ ಬೇರೆ ಮೀನಿನ ಮೈಗೆ ಅಂಟಿಕೊಳ್ಳುತ್ತದೆ. ಸೂಜಿಯಲ್ಲಿ ಬಣ್ಣ ಚುಚ್ಚಿದ ಮೀನುಗಳನ್ನು ದಯವಿಟ್ಟು ತರಬೇಡಿ. ಆ ನೋವು ಯಾವ ಮೀನಿಗೂ ಬೇಡ, ಬಣ್ಣವೂ ಉಳಿಯುವುದಿಲ್ಲ.

## 8. ಪಟ್ಟಿ ಹಿಡಿದು ಅಂಗಡಿಗೆ ಹೋಗಿ

ಪಟ್ಟಿಯಲ್ಲಿ ಇಲ್ಲದ ಮೀನು ಆವತ್ತು ತರಬಾರದು, ಎಷ್ಟೇ ಚೆನ್ನಾಗಿದ್ದರೂ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮನೆಯಲ್ಲೇ ಅವರ ಕೈಯಲ್ಲಿ ಪಟ್ಟಿ ಬರೆಸಿ. ಆಗ ಅಂಗಡಿಯಲ್ಲಿ ಹಟ ಬರುವುದಿಲ್ಲ.

ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಆ ಟ್ಯಾಂಕಿನಲ್ಲಿ ಒಂದು ಸತ್ತ ಮೀನು ಇದ್ದರೂ ಅಲ್ಲಿಂದ ತೆಗೆದುಕೊಳ್ಳಬೇಡಿ. ಮೈ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ, ರೆಕ್ಕೆ ಮೈಗೆ ಅಂಟಿಸಿಕೊಂಡಿರುವುದು, ಮೇಲ್ಮೈಯಲ್ಲಿ ಬಾಯಿ ಬಿಡುವುದು, ಒಳಕ್ಕೆ ಹೋದ ಹೊಟ್ಟೆ, ಕಲ್ಲಿಗೆ ಮೈ ಉಜ್ಜುವುದು, ಒಂದು ಕಂಡರೂ ವಾಪಸ್ ಬನ್ನಿ. ಒಂದು ಚಿಟಿಕೆ ಆಹಾರ ಹಾಕಿ ತೋರಿಸಿ ಅಂತ ಕೇಳಿ. ತಿನ್ನದ ಮೀನು ಬೇಡ. ಎಂದು ಬಂದ ಸ್ಟಾಕ್ ಅಂತಲೂ ಕೇಳಿ. ನಿನ್ನೆ ಬಂದದ್ದಾದರೆ ಒಂದು ವಾರ ಬಿಟ್ಟು ಹೋಗಿ, ಅಷ್ಟರಲ್ಲಿ ಸಾಯುವವು ಅಲ್ಲೇ ಸತ್ತಿರುತ್ತವೆ.

ಎಲ್ಲ ಮೀನನ್ನೂ ಒಂದೇ ದಿನ ತರಬೇಡಿ. ಮೊದಲು ಗುಂಪಿನ ಮೀನು, ಎರಡು ವಾರ ಬಿಟ್ಟು ತಳದ ಮೀನು, ಕೊನೆಯಲ್ಲಿ ಜಾಗ ಹಿಡಿದುಕೊಳ್ಳುವ ಗೌರಾಮಿ. ಗೌರಾಮಿ ಮೊದಲು ಬಂದರೆ ಇಡೀ ಟ್ಯಾಂಕ್ ತನ್ನದು ಅಂದುಕೊಂಡು ಆಮೇಲೆ ಬಂದವರನ್ನು ಅಟ್ಟುತ್ತದೆ.

## 9. ಮನೆಗೆ ತಂದು ಬಿಡುವ ರೀತಿ

ಊರಲ್ಲೇ ತಂದಿದ್ದರೆ ಸುಲಭ. ಲೈಟ್ ಆಫ್ ಮಾಡಿ, ಕವರನ್ನು ಹಾಗೇ ಟ್ಯಾಂಕಿನಲ್ಲಿ 20 ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಐದು ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕಿನ ನೀರು ಹಾಕಿ. ಅರ್ಧ ಗಂಟೆಯಾದ ಮೇಲೆ ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ. ಕವರಿನ ನೀರು ಗಿಡಕ್ಕೆ ಹಾಕಿ, ಟ್ಯಾಂಕಿಗೆ ಬೇಡ.

ಬೆಂಗಳೂರಿನಿಂದ ತರುವವರು ಮುಂದಿನ ಮಾತನ್ನು ಗಮನವಿಟ್ಟು ಓದಿ. ಆಮ್ಲಜನಕ ತುಂಬಿದ ಕವರನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ತನ್ನಿ, ಹಿಂದಿನ ದಿನ ಆಹಾರ ಹಾಕದ ಮೀನಾದರೆ ಒಳ್ಳೆಯದು. ಐದಾರು ಗಂಟೆ ಮುಚ್ಚಿದ ಕವರಿನಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಸೇರಿರುತ್ತದೆ. ಪಿಎಚ್ ಕಡಿಮೆ ಇರುವ ತನಕ ಆ ಅಮೋನಿಯಾ ಹೆಚ್ಚು ಕೆಡುಕು ಮಾಡುವುದಿಲ್ಲ. ಕವರ್ ಬಿಚ್ಚಿ ಗಾಳಿ ಹೊಕ್ಕ ಮೇಲೆ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ದೂರದಿಂದ ಬಂದ ಮೀನನ್ನು ಬಿಚ್ಚಿದ ಕವರಿನಲ್ಲಿ ಒಂದು ಗಂಟೆ ಕಾಯಿಸಬಾರದು. ಮುಚ್ಚಿದ ಕವರನ್ನೇ ತೇಲಿಬಿಟ್ಟು ಉಷ್ಣತೆ ಸಮ ಮಾಡಿ, ಬಿಚ್ಚಿದ ಮೇಲೆ ಒಂದೆರಡು ಲೋಟ ಟ್ಯಾಂಕಿನ ನೀರು ಹಾಕಿ, ಹತ್ತು ನಿಮಿಷದೊಳಗೆ ಬಲೆಯಲ್ಲಿ ಎತ್ತಿ ಬಿಡಿ. ಅವರ ನೀರಿಗೂ ನಿಮ್ಮ ನೀರಿಗೂ ತುಂಬಾ ವ್ಯತ್ಯಾಸ ಇದ್ದರೆ ಅಂಥ ಮೀನು ದೂರದಿಂದ ತರುವುದೇ ಬೇಡ.

ಆವತ್ತು ಆಹಾರ ಹಾಕಬೇಡಿ. ಲೈಟ್ ಮರುದಿನ ಬೆಳಿಗ್ಗೆ ಹಾಕಿ.

## 10. ಮೊದಲ ತಿಂಗಳು ಏನು ನೋಡಬೇಕು

ದಿನಾ ಬೆಳಿಗ್ಗೆ ಮೀನು ಎಣಿಸಿ. ಒಂದು ಕಡಿಮೆ ಇದ್ದರೆ ಹುಡುಕಿ, ಕಲ್ಲಿನ ಹಿಂದೆ ಸತ್ತು ಕೊಳೆತರೆ ನೀರು ಕೆಡುತ್ತದೆ. ಮುಚ್ಚಳ ಇಲ್ಲದಿದ್ದರೆ ನೆಲವನ್ನೂ ನೋಡಿ, ಡ್ಯಾನಿಯೋ ಹಾರುತ್ತದೆ.

ಎಲ್ಲ ಮೀನೂ ಒಟ್ಟಿಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಜಗಳವಲ್ಲ, ನೀರಿನ ತೊಂದರೆ. ತಕ್ಷಣ ಅಮೋನಿಯಾ, ನೈಟ್ರೈಟ್ ನೋಡಿ, ಕಾಲು ಭಾಗದಿಂದ ಅರ್ಧ ನೀರು ಬದಲಿಸಿ, ಗಾಳಿ ಜಾಸ್ತಿ ಮಾಡಿ. ಒಂದೇ ಮೀನು ಮೂಲೆಯಲ್ಲಿ ಹೀಟರ್ ಹಿಂದೆ ನಿಂತಿದ್ದರೆ, ಬಾಲದ ಅಂಚು ಹರಿದಿದ್ದರೆ, ಆಗ ಯಾರೋ ಅಟ್ಟುತ್ತಿದ್ದಾರೆ ಅಂತ ಅರ್ಥ. ಹಗಲು ಕಾಣುವುದಿಲ್ಲ. ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು, ದೂರದಲ್ಲಿ ಕೂತು ನೋಡಿ. ಊಟ ಹಾಕುವಾಗಲೂ ನೋಡಿ. ಒಂದೇ ಮೀನು ಎಲ್ಲವನ್ನೂ ಕಬಳಿಸುತ್ತಿದ್ದರೆ ಟ್ಯಾಂಕಿನ ಎರಡು ತುದಿಯಲ್ಲಿ ಒಟ್ಟಿಗೆ ಆಹಾರ ಹಾಕಿ. ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ. ಕೋರಿಗೆ ಮುಳುಗುವ ಗುಳಿಗೆ ಬೇರೆ, ಲೈಟ್ ಆರಿಸಿದ ಮೇಲೆ.

ಬಿಳಿ ಚುಕ್ಕಿ ಕಂಡರೆ ಎಲ್ಲದಕ್ಕೂ ಕಲ್ಲುಪ್ಪು ಸುರಿಯಬೇಡಿ. ಮೊಲ್ಲಿ, ಗಪ್ಪಿ ತಡೆಯುತ್ತವೆ. ಕೋರಿ, ಟೆಟ್ರಾಗೆ ಉಪ್ಪು ಅಷ್ಟಾಗಿ ಒಗ್ಗುವುದಿಲ್ಲ. ಔಷಧಿ ಹಾಕುವ ಮುಂಚೆ ಅದರ ಲೇಬಲ್ ಓದಿ, ನೀರಿನ ಲೆಕ್ಕ 56 ಲೀಟರ್ ಅಲ್ಲ, ನೀವು ಬರೆದಿಟ್ಟ 45.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಅಂದರೆ 11 ಲೀಟರ್. ಹೊಸ ನೀರು ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರಲಿ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸೊಳ್ಳೆ ದ್ರವದ ಮೆಷಿನ್ ಬೇಡ. ಏರ್ ಪಂಪ್ ಆ ಹೊಗೆಯನ್ನೇ ಎಳೆದು ನೀರಿಗೆ ತಳ್ಳುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಬ್ಯಾಟರಿ ಏರ್ ಪಂಪ್ ಒಂದು ಜೂನ್ ಮುಂಚೆಯೇ ತಂದಿಡಿ. ಅದಿಲ್ಲದಿದ್ದರೆ ಲೋಟದಲ್ಲಿ ನೀರೆತ್ತಿ ಅರ್ಧ ಅಡಿ ಎತ್ತರದಿಂದ ಸುರಿಯುತ್ತಿರಿ. ಕರೆಂಟ್ ಇಲ್ಲದಾಗ ಆಹಾರ ಹಾಕಬೇಡಿ. ಚಳಿಯಲ್ಲಾದರೆ ಟ್ಯಾಂಕಿನ ಸುತ್ತ ಕಂಬಳಿ ಹೊದಿಸಿ.

ಇಷ್ಟೆಲ್ಲ ಮಾಡಿದರೂ ಒಂದು ಮೀನು ಹೊಂದದೇ ಹೋಗಬಹುದು. ಹದಿನೈದು ದಿನ ನೋಡಿ, ಕಲ್ಲು ಗಿಡಗಳ ಜಾಗ ಬದಲಿಸಿ ನೋಡಿ. ಆಗಲೂ ಅಟ್ಟುತ್ತಿದ್ದರೆ ಅದನ್ನು ಬೇರೆ ಮಾಡಲೇಬೇಕು. ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಹಿರೇಕೊಳಲೆ ಕೆರೆಗೋ ಯಗಚಿಗೋ ಊರ ಕಲ್ಯಾಣಿಗೋ ಬಿಡಬೇಡಿ. ಸಕ್ಕರ್ ಒಮ್ಮೆ ಕೆರೆ ಸೇರಿದರೆ ಅಲ್ಲೇ ದಡ ಕೊರೆದು ಮೊಟ್ಟೆ ಇಡುತ್ತದೆ, ಊರ ಮೀನಿಗೆ ಜಾಗ ಬಿಡುವುದಿಲ್ಲ. ಅದನ್ನು ಮತ್ತೆ ಹಿಡಿದು ತೆಗೆಯೋಕೆ ಯಾರಿಂದಲೂ ಆಗುವುದಿಲ್ಲ.